ಮುದ್ದೆ ಉಣ್ಣುವವರ ಮೂಳೆಗೂ ಕುಡಿತ ಕಾಟ ಕೊಡುತ್ತದೆ

"ದಿನಾ ಎರಡು ಹೊತ್ತು ರಾಗಿ ಮುದ್ದೆ ಉಣ್ತೀನಿ ಸಾರ್. ನನ್ನ ಮೂಳೆಗೇನಾಗುತ್ತೆ?"

ಕೋಲಾರದ ಟೊಮೆಟೊ ಮಂಡಿಯಲ್ಲಿ ಬಾಕ್ಸ್ ಹೊರುವವರೊಬ್ಬರು ಹೀಗೆ ಕೇಳಿದರು. ವಯಸ್ಸು ನಲವತ್ತು ದಾಟಿಲ್ಲ. ಮೂರು ತಿಂಗಳಿಂದ ತೊಡೆಸಂದಿನಲ್ಲಿ ನೋವು. ವಾಯು ಇರಬೇಕು, ಇಲ್ಲಾ ಬೋರ್‌ವೆಲ್ ನೀರಿನ ಫ್ಲೋರೈಡ್ ಇರಬೇಕು ಅಂದುಕೊಂಡು ಮುಲಾಮು ಹಚ್ಚಿ ದಿನ ತಳ್ಳಿದ್ದರು. ಚಕ್ಕಳಮಕ್ಕಳ ಹಾಕಿ ಕೂರಿ ಅಂದೆ. ಎಡ ಮೊಣಕಾಲು ನೆಲ ಮುಟ್ಟಿತು. ಬಲದ್ದು ಮೇಲೆಯೇ ನಿಂತಿತು. ಊಟಕ್ಕೂ ಈಗ ಗೋಡೆಗೊರಗಿ ಕಾಲು ಚಾಚಿಯೇ ಕೂರುತ್ತಾರಂತೆ.

ಕುಡಿತದ ಬಗ್ಗೆ ಕೇಳಿದೆ. "ಜಾಸ್ತಿ ಇಲ್ಲ ಸಾರ್, ಕೆಲಸ ಮುಗಿದ ಮೇಲೆ ಎರಡು ತೊಂಬತ್ತು." ಅಂದರೆ 90 ಎಂಎಲ್‌ನ ಎರಡು ಪ್ಯಾಕೆಟ್ ವಿಸ್ಕಿ, ಹದಿನೈದು ವರ್ಷದಿಂದ.

ಎಕ್ಸ್‌ರೇಯಲ್ಲಿ ಹೆಚ್ಚೇನೂ ಕಾಣಲಿಲ್ಲ. ಎಂಆರ್‌ಐಯಲ್ಲಿ ಗೊತ್ತಾಯಿತು. ಸೊಂಟದ ಕೀಲಿನ ಚೆಂಡಿಗೆ ರಕ್ತ ಸರಿಯಾಗಿ ಹೋಗದೆ ಒಂದು ಭಾಗ ಸತ್ತಿತ್ತು. ಇದಕ್ಕೆ ಎವಿಎನ್ ಅನ್ನುತ್ತೇವೆ. ವರ್ಷಗಟ್ಟಲೆಯ ಕುಡಿತ ಇದಕ್ಕೊಂದು ಮುಖ್ಯ ಕಾರಣ. ಚೆಂಡು ಕುಸಿಯುವ ಮೊದಲು ಬಂದರೆ ಉಳಿಸಲು ದಾರಿಯಿದೆ. ಕುಸಿದ ಮೇಲೆ ಬಹುತೇಕರಿಗೆ ಕೀಲನ್ನೇ ಬದಲಿಸಬೇಕಾಗುತ್ತದೆ.

ಮುದ್ದೆಯ ಮಾತು ಸುಳ್ಳಲ್ಲ. 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ. ಆದರೆ ಅದನ್ನು ಕರುಳು ಹೀರಲು ವಿಟಮಿನ್ ಡಿ ಬೇಕು. ಬಿಸಿಲಿನಿಂದ ಸಿಕ್ಕ ವಿಟಮಿನ್ ಡಿ ಕೆಲಸಕ್ಕೆ ಬರಬೇಕಾದರೆ ಮೊದಲು ಲಿವರ್‌ನಲ್ಲಿ ಬದಲಾಗಬೇಕು. ಕುಡಿತದಿಂದ ಏಟು ತಿನ್ನುವುದೇ ಲಿವರ್ ಅಲ್ವಾ? ಇನ್ನೊಂದು ವಿಷಯ. ಮೂಳೆ ಸದಾ ಸ್ವಲ್ಪ ಸ್ವಲ್ಪ ಸವೆದು ಮತ್ತೆ ಕಟ್ಟಿಕೊಳ್ಳುತ್ತಿರುತ್ತದೆ. ಕಟ್ಟುವ ಜೀವಕೋಶಗಳನ್ನು ಮದ್ಯ ಮಂಕು ಮಾಡುತ್ತದೆ. ಸಿಮೆಂಟು, ಇಟ್ಟಿಗೆ ಬಂದು ಬಿದ್ದಿದೆ, ಗಾರೆಯವರೇ ಏಳುತ್ತಿಲ್ಲ, ಹಾಗೆ.

ಮೂಳೆ ಮುರಿಯುವ ಅಪಾಯ ಲೆಕ್ಕ ಹಾಕಲು ನಾವು ಬಳಸುವ ಫ್ರಾಕ್ಸ್‌ನಲ್ಲಿ ಒಂದು ಪ್ರಶ್ನೆಯಿದೆ: ದಿನಕ್ಕೆ ಮೂರು ಯೂನಿಟ್ ಅಥವಾ ಅದಕ್ಕಿಂತ ಜಾಸ್ತಿ ಕುಡಿಯುತ್ತೀರಾ? 90 ಎಂಎಲ್ ವಿಸ್ಕಿಯಲ್ಲಿ ಸುಮಾರು 30 ಗ್ರಾಂ ಆಲ್ಕೋಹಾಲ್ ಇರುತ್ತದೆ, ಹೆಚ್ಚುಕಡಿಮೆ ಮೂರು ಯೂನಿಟ್. ಒಂದೇ ಪ್ಯಾಕೆಟ್ಟಿಗೆ ಆ ಗೆರೆ ಮುಟ್ಟಿಬಿಡುತ್ತದೆ. ಇವರದು ಎರಡು.

"ಈಗ ಬಿಟ್ರೆ ಸರಿಹೋಗುತ್ತಾ ಸಾರ್?" ಅಂತ ಅವರ ಹೆಂಡತಿ ಕೇಳಿದರು. ಸತ್ತ ಭಾಗದ ಬಗ್ಗೆ ಭರವಸೆ ಕೊಡಲಾರೆ ಅಂದೆ. ಉಳಿದ ಮೂಳೆಗಳಲ್ಲಿ ಮಾತ್ರ, ಕುಡಿತ ಬಿಟ್ಟ ಕೆಲವೇ ವಾರಗಳಲ್ಲಿ ಕಟ್ಟುವ ಕೆಲಸ ಮತ್ತೆ ಚುರುಕಾಗುತ್ತದೆ. ಆದರೆ ಇಷ್ಟು ವರ್ಷ ದಿನಾ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಗಬಹುದು, ಫಿಟ್ಸ್ ಕೂಡ ಬರಬಹುದು. ಸುಮ್ನೆ ಮನೆಯಲ್ಲೇ ಹಟ ಹಿಡಿಯಬೇಡಿ ಅಂತ ಹೇಳಿ, ಅವತ್ತೇ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ಚೀಟಿ ಬರೆದುಕೊಟ್ಟೆ.