ಹೊಸ ಕೋಳಿಯನ್ನು ರಾತ್ರಿ ಗೂಡಿಗೆ ಬಿಟ್ಟರೆ ಜಗಳ ಆಗಲ್ವಂತೆ, ಹೌದೇ?

ಪ್ರಶ್ನೆ: ಮನೇಲಿ ಐದು ನಾಟಿ ಹೇಂಟೆ ಇವೆ. ಸಂತೆಯಿಂದ ಇನ್ನೊಂದು ತಂದು ಬಿಟ್ಟೆ. ಹಳೆಯವು ಕುಕ್ಕಿದ ಏಟಿಗೆ ಅದು ಸೌದೆ ರಾಶಿ ಬಿಟ್ಟು ಈಚೆಗೇ ಬರ್ತಿಲ್ಲ. ರಾತ್ರಿ ಸದ್ದಿಲ್ಲದೆ ಗೂಡಿಗೆ ಬಿಟ್ಟರೆ ಬೆಳಿಗ್ಗೆ ಹೊಂದಿಕೊಂಡಿರುತ್ತೆ ಅಂತಾರೆ. ಹಾಗೇ ಮಾಡಲಾ ಸರ್?

ಉತ್ತರ: ಬೇಡ. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ಊರು ಬದಲಿಸಿಕೊಂಡು ಮತ್ತೆ ಬರುತ್ತದೆ. ಆದ್ದರಿಂದ ಈ ಬಾರಿ ಬೇರು ಸಮೇತ ಕೀಳೋಣ.

ಕತ್ತಲಲ್ಲಿ ಕೋಳಿಗೆ ಕಣ್ಣು ಕಾಣದು, ಅದು ನಿಜ. ಅದಕ್ಕೇ ರಾತ್ರಿ ಹಿಡಿಯುವುದು ಸಲೀಸು, ಗೂಡಿಗೆ ಬಿಟ್ಟರೂ ಗಲಾಟೆ ಇಲ್ಲ. ಆದರೆ ಕಾಣದೆ ಸುಮ್ಮನೆ ಕೂತದ್ದನ್ನು ಒಪ್ಪಿಕೊಂಡವು ಎಂದುಕೊಂಡರೆ ಹೇಗೆ? ಬೆಳಕು ಹರಿಯುತ್ತಲೇ ಅವು ನಿಮಗಿಂತ ಮೊದಲು ಎದ್ದಿರುತ್ತವೆ, ಗೂಡಿನ ಬಾಗಿಲು ಇನ್ನೂ ಹಾಕಿಯೇ ಇರುತ್ತದೆ. ಅಂಗಳದಲ್ಲಾಗಿದ್ದರೆ ಎರಡು ಏಟು ತಿಂದು ಸೌದೆ ಹಿಂದೆ ಅವಿತುಕೊಳ್ಳುತ್ತಿದ್ದ ಕೋಳಿ ಇಲ್ಲಿ ಮೂಲೆಗೆ ತಲೆ ತುರುಕಿ, ಬೆನ್ನು ಕೊಟ್ಟು ನಿಲ್ಲುತ್ತದೆ. ಜುಟ್ಟು ಹರಿದು ರಕ್ತ ಬಂತೋ, ಅದುವರೆಗೆ ತಟಸ್ಥವಾಗಿದ್ದವೂ ಬಂದು ಅದೇ ಜಾಗಕ್ಕೆ ಕುಕ್ಕುತ್ತವೆ. ನೀವು ಬಾಗಿಲು ತೆಗೆದಾಗ ಕಾಣುವುದು ಇದು.

"ನಿದ್ದೆಯಿಂದೆದ್ದ ಕೋಳಿಗೆ ಹೊಸದು ಹಳೆಯದು ಗೊತ್ತಾಗಲ್ಲ" ಎಂಬುದಂತೂ ಕೋಳಿಗೆ ಮಾಡುವ ಅವಮಾನ. ಮುಖ, ಜುಟ್ಟು ನೋಡಿ ಅವು ಒಂದೊಂದನ್ನೂ ಬೇರೆ ಬೇರೆಯಾಗಿ ಗುರುತಿಡುತ್ತವೆ. ಯಾರು ಯಾರನ್ನು ಕುಕ್ಕಬಹುದು ಎಂಬ ಈ ದರ್ಜೆ ವ್ಯವಸ್ಥೆಯನ್ನು ನಾರ್ವೆಯ ಪ್ರಾಣಿಶಾಸ್ತ್ರಜ್ಞ ಷೆಲ್ಡೆರಪ್-ಎಬ್ಬೆ 1921ರಷ್ಟು ಹಿಂದೆಯೇ ವಿವರಿಸಿದ್ದಾರೆ. ನಿಮ್ಮ ಐದು ಹೇಂಟೆಗಳ ನಡುವೆ ಆ ಲೆಕ್ಕ ಎಂದೋ ಇತ್ಯರ್ಥವಾಗಿದೆ. ಈಗ ಬಂದದ್ದು ಐದರ ಜೊತೆಗೂ ಒಂದೊಂದಾಗಿ ಇತ್ಯರ್ಥ ಮಾಡಿಕೊಳ್ಳಬೇಕು. ಅದು ಹಗಲಿನಲ್ಲಿ, ಓಡಲು ಜಾಗವಿರುವ ಕಡೆ ಆಗಬೇಕಾದ ಕೆಲಸ.

"ನಾವು ಹಾಗೇ ಬಿಟ್ಟಿದ್ವಿ, ಏನೂ ಆಗ್ಲಿಲ್ಲ" ಎನ್ನುವವರೂ ಇದ್ದಾರೆ. ನಸುಕಿಗೇ ಗೂಡು ತೆಗೆದಿರುತ್ತೀರಿ, ಹಿತ್ತಿಲು ದೊಡ್ಡದಿರುತ್ತದೆ, ಇಲ್ಲವೇ ತಂದ ಕೋಳಿಯೇ ಘಾಟಿಯಾಗಿರುತ್ತದೆ. ಪುಣ್ಯ ನಿಮ್ಮದು, ಕತ್ತಲೆಯದ್ದಲ್ಲ.

ಇದಕ್ಕಿಂತ ದೊಡ್ಡ ಅಪಾಯವನ್ನು ಯಾರೂ ಕೇಳುವುದೇ ಇಲ್ಲ. ಊರಿಗೆ ಕೊಕ್ಕರೆ ರೋಗ (ಕೋಳಿಯಿಂದ ಕೋಳಿಗೆ ಅಂಟುವ ರಾಣಿಖೇತ್ ರೋಗ) ಬಂದಾಗ ಜನ ಮೊದಲು ಮಾಡುವ ಕೆಲಸ, ಉಳಿದ ಕೋಳಿಗಳನ್ನು ಸಂತೆಗೆ ಸಾಗಿಸುವುದು. ಸೋಂಕು ತಗುಲಿದ ಕೋಳಿ ಐದಾರು ದಿನ, ಕೆಲವೊಮ್ಮೆ ಎರಡು ವಾರ ಗಟ್ಟಿಮುಟ್ಟಾಗಿಯೇ ಕಾಣಬಹುದು. ಆಮೇಲೆ ಹಸಿರು ಹಿಕ್ಕೆ, ಕತ್ತು ತಿರುಚುವುದು, ಬಾಯಿ ತೆರೆದು ಉಸಿರಾಡುವುದು. ಅಷ್ಟರಲ್ಲಿ ನಿಮ್ಮ ಐದಕ್ಕೂ ಅಂಟಿರುತ್ತದೆ. ಹಾಗಾಗಿ ಇವತ್ತೇ ಅದನ್ನು ಬೇರೆ ಮಾಡಿ. ಮೂರು ನಾಲ್ಕು ವಾರ ದೂರದಲ್ಲಿ ಬೇರೆ ಗೂಡು, ಬೇರೆ ನೀರಿನ ಬಟ್ಟಲು. ಹಳೆಯವಕ್ಕೆ ಮೇವು ಹಾಕಿದ ಮೇಲೆಯೇ ಇದರ ಹತ್ತಿರ ಹೋಗಿ. ರೆಕ್ಕೆಯಡಿ, ಗುದದ ಸುತ್ತ ಹೇನು ಇದೆಯೇ ನೋಡಿ. ಲಸಿಕೆಗೆ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಒಂದು ಬಾಟಲಿಯಲ್ಲಿ ನೂರಾರು ಕೋಳಿಗಾಗುವಷ್ಟು ಇರುತ್ತದಾದ್ದರಿಂದ ಅಕ್ಕಪಕ್ಕದವರನ್ನೂ ಸೇರಿಸಿಕೊಳ್ಳಿ.

ನಂತರದ್ದು ಸುಲಭ. ವಾರ ಹತ್ತು ದಿನ ಬಲೆಯ ಆಚೆ ಈಚೆ ಇಡಿ, ಕಾಣಲಿ, ಕೊಕ್ಕು ತಾಗದಿರಲಿ. ಸಂಜೆ ಮೇವಿನ ಹೊತ್ತಿಗೆ ಹೊರಗೆ ಬಿಟ್ಟು ನುಚ್ಚನ್ನು ನಾಲ್ಕು ಕಡೆ ಎರಚಿ, ನೀರು ಎರಡು ಕಡೆ ಇಡಿ. ಒಂದರ ಬದಲು ಜೋಡಿ ತಂದರೆ ಏಟು ಹಂಚಿಹೋಗುತ್ತದೆ. ಕುಕ್ಕಿದರೆ ಮಧ್ಯೆ ಹೋಗಬೇಡಿ, ರಕ್ತ ಕಂಡರೆ ಮಾತ್ರ ಬೇರ್ಪಡಿಸಿ. ಹಗಲು ಜೊತೆಯಲ್ಲಿ ಕೆದಕಲು ಶುರು ಮಾಡಿದ ಮೇಲೆ ಬೇಕಾದರೆ ರಾತ್ರಿ ಎತ್ತಿ ಗೂಡಿಗೆ ಬಿಡಿ, ಆಗ ನನ್ನ ತಕರಾರಿಲ್ಲ.

ಅಂದಹಾಗೆ, ಕತ್ತಲೆ ನಿಜವಾಗಿ ಕೆಲಸಕ್ಕೆ ಬರುವ ಸಂದರ್ಭವೊಂದಿದೆ. ಈ ಕಥೆ ಹುಟ್ಟಿದ್ದೂ ಅಲ್ಲಿಂದಲೇ ಎಂದು ನನ್ನ ಗುಮಾನಿ. ಗಿರಿರಾಜ, ಸ್ವರ್ಣಧಾರದಂಥ ಸುಧಾರಿತ ತಳಿಗಳಿಗೆ ಕಾವಿನ ಗೀಳು ಕಡಿಮೆ, ನಾಟಿ ಹೇಂಟೆ ಅದರಲ್ಲಿ ಎತ್ತಿದ ಕೈ. ಮೊಟ್ಟೆ ಒಡೆದು ಒಂದೆರಡು ದಿನದ ಮರಿಗಳನ್ನು, ಚೆನ್ನಾಗಿ ಕಾವು ಕೂತ ನಾಟಿಯ ಹೊಟ್ಟೆಯಡಿ ರಾತ್ರಿ ಒಂದೊಂದಾಗಿ ನುಗ್ಗಿಸಿದರೆ ಬಹುಮಟ್ಟಿಗೆ ತನ್ನದೆಂದೇ ಸಾಕುತ್ತದೆ. ಅದು ತಾಯಿಯಾಗಲು ಮೈಯೆಲ್ಲಾ ಸಿದ್ಧವಾಗಿ ಕೂತ ಕೋಳಿ, ಜಾಗಕ್ಕೆ ಜಗಳವಾಡುವ ಕೋಳಿಯಲ್ಲ. ವಾರ ಕಳೆದ ಮರಿಯಾದರೆ ಆಟ ನಡೆಯದು. ನಸುಕಿಗೆ ಎದ್ದು ನೋಡಿ, ತಲೆಗೆ ಕುಕ್ಕುತ್ತಿದ್ದರೆ ಮರಿಗಳನ್ನು ತಕ್ಷಣ ತೆಗೆದು ಬಲ್ಬಿನ ಶಾಖದಲ್ಲಿ ಬೆಳೆಸಿ.