‘ನಿಜವಾದವರು ಯಾರು ಹೇಳಿ ಮೇಡಂ’

ಅತ್ತು, ಕಣ್ಣೊರೆಸಿಕೊಂಡು, ಒಂದು ಗುಟುಕು ನೀರು ಕುಡಿದ ಮೇಲೆ ನನ್ನ ಬಳಿ ಬಂದವರು ಕೇಳುವ ಮೊದಲ ಪ್ರಶ್ನೆ ಇದೇ. ಇಂಟರ್ನೆಟ್ಟಿನಲ್ಲಿ ವಿಕ್ಕನ್ ಹೈ ಪ್ರೀಸ್ಟೆಸ್, ಅಂದರೆ ಮಾಟವನ್ನೂ ಒಳಗೊಂಡ ವಿಕ್ಕಾ ಎಂಬ ಆಧುನಿಕ ಧರ್ಮದ ಅರ್ಚಕಿ, ಎಂದು ಹೇಳಿಕೊಂಡವರಿಂದ ಸ್ಪೆಲ್ (ಮಾಟದ ವಿಧಿ) ಹಾಕಿಸಿದ್ದಾರೆ. ದುಡ್ಡು ಹೋಗಿದೆ, ನಿದ್ದೆ ಹೋಗಿದೆ, ಬಿಟ್ಟುಹೋದ ಹುಡುಗ ಮಾತ್ರ ವಾಪಸ್ ಬಂದಿಲ್ಲ. ಆದರೂ ‘ನಾನು ಮೋಸಹೋದೆನಾ?’ ಎಂದು ಕೇಳುವುದಿಲ್ಲ. ‘ಅವರು ಸುಳ್ಳು, ಒಪ್ಪಿದೆ. ನಿಜವಾಗಿ ಮಾಡಿಕೊಡುವವರು ಯಾರು?’ ಎನ್ನುತ್ತಾರೆ. ಆಪ್ತಸಮಾಲೋಚಕಿಯಾಗಿ ಇದಕ್ಕೆ ಉತ್ತರ ಹೇಳಿ ಹೇಳಿ ಸಾಕಾಗಿ ಈ ಅಂಕಣ ಬರೆಯುತ್ತಿದ್ದೇನೆ.

ನಾನು ವಿಕ್ಕಾ ದೀಕ್ಷೆ ಪಡೆದವಳಲ್ಲ. ಅದನ್ನು ನಂಬಿ ನಡೆಯುವವರ ಬಗ್ಗೆ ನನಗೆ ಗೌರವವಿದೆ. ನನ್ನ ಬಳಿ ಬರುವವರು ಪೆಟ್ಟು ತಿಂದವರೇ ಆದ್ದರಿಂದ ನನಗೆ ಕಾಣುವುದು ಒಂದು ಮಗ್ಗುಲು ಮಾತ್ರ ಎಂಬುದೂ ಗೊತ್ತು. ಮುಂದೆ ಬರುವ ಪ್ರಸಂಗಗಳಲ್ಲಿ ಯಾರ ಗುರುತೂ ಸಿಗದಂತೆ ವಿವರ ಬದಲಿಸಿದ್ದೇನೆ.

ಈಗ ಆ ಪ್ರಶ್ನೆಗೆ ಬರುತ್ತೇನೆ. ವಿಕ್ಕನ್ನರಲ್ಲಿ ಬಹುಪಾಲು ಜನ ಒಪ್ಪುವ ಒಂದು ನೀತಿಯಿದೆ: ಯಾರಿಗೂ ಕೇಡಾಗದಿದ್ದರೆ ನಿನ್ನ ಇಚ್ಛೆಯಂತೆ ನಡೆ. ವಿಕ್ಕಾದ ಆರಂಭದ ದಿನಗಳ ಪ್ರಮುಖರಲ್ಲೊಬ್ಬರಾದ ಡೋರೀನ್ ವ್ಯಾಲಿಯೆಂಟ್ 1964ರಲ್ಲಿ ಒಂದು ಸಭೆಯಲ್ಲಿ ಇದನ್ನು ಬಹಿರಂಗವಾಗಿ ಹೇಳಿದರು. ಮಾಡಿದ್ದು ಮೂರು ಪಟ್ಟಾಗಿ ಮಾಡಿದವರಿಗೇ ಮರಳುತ್ತದೆ ಎಂಬ ನಂಬಿಕೆಯೂ ಅವರಲ್ಲಿ ಹಲವರಿಗಿದೆ. ಇಂಥ ಹೆಸರಿನ ಹುಡುಗ ನನ್ನನ್ನೇ ಪ್ರೀತಿಸಬೇಕು, ಅವನ ಹೊಸ ಸಂಬಂಧ ಮುರಿದುಬೀಳಬೇಕು ಎಂದು ನೀವು ಕೇಳುವುದು ಏನನ್ನು? ಆ ಹುಡುಗನ ಇಚ್ಛೆಯನ್ನು ಅವನಿಗೆ ತಿಳಿಯದಂತೆ ತುಳಿಯುವುದನ್ನು. ನೀತಿ ಪಾಲಿಸುವ ವಿಕ್ಕನ್ನರು ಅನೇಕರು ಇದನ್ನು ಕೇಡೆಂದೇ ಎಣಿಸುತ್ತಾರೆ, ಮಾಡುವುದಿಲ್ಲ.

ಅಂದರೆ, ಈ ಕೆಲಸಕ್ಕೆ ‘ಆಗಲಿ’ ಎನ್ನುವವರು ಆ ಒಪ್ಪಿಗೆಯಿಂದಲೇ ನೀವು ಹುಡುಕುತ್ತಿರುವ ‘ನಿಜವಾದವರ’ ಸಾಲಿನಿಂದ ಹೊರಗೆ ಬಿದ್ದರು. ಹತ್ತು ಜನರಿಗೆ ಮೆಸೇಜ್ ಮಾಡಿ. ಧರ್ಮಕ್ಕೆ ನಿಷ್ಠರಾದವರು ಬೇಡ ಎನ್ನುತ್ತಾರೆ, ಇಲ್ಲವೇ ಉತ್ತರವನ್ನೇ ಕೊಡುವುದಿಲ್ಲ. ‘ಏಳು ದಿನದಲ್ಲಿ ಫಲ ಖಂಡಿತ’ ಎಂದವರಷ್ಟೇ ನಿಮ್ಮ ಕೈಯಲ್ಲಿ ಉಳಿಯುತ್ತಾರೆ. ಇನ್ನೂ ಹತ್ತು ಜನರಿಗೆ ಕಳಿಸಿದರೂ ಉಳಿಯುವವರು ಅಂಥವರೇ. ಎಷ್ಟು ಜಾಗ್ರತೆಯಿಂದ ಹುಡುಕಿದರೂ ಈ ಜರಡಿ ಕಾಳನ್ನು ಕೆಳಗೆ ಬಿಟ್ಟು ಹೊಟ್ಟನ್ನೇ ಮೇಲೆ ಹಿಡಿಯುತ್ತದೆ. ಇದನ್ನು ಹೇಳಿದಾಗ ಎಲ್ಲರೂ ತಲೆಯಾಡಿಸುತ್ತಾರೆ. ಎರಡು ವಾರ ಬಿಟ್ಟು ಬಂದು, ‘ಇನ್ನೊಬ್ಬರು ಸಿಕ್ಕಿದ್ದಾರೆ ಮೇಡಂ, ಇವರು ಹಾಗಲ್ಲ’ ಎನ್ನುತ್ತಾರೆ.

ಶುಲ್ಕ ತೆಗೆದುಕೊಂಡು ಸ್ಪೆಲ್ ಮಾಡುವವರೆಲ್ಲ ಠಕ್ಕರು ಎಂದು ನಾನು ಹೇಳುತ್ತಿಲ್ಲ. ವಿಕ್ಕಾಕ್ಕೆ ಪೀಠವಿಲ್ಲ, ಎಲ್ಲರಿಗೂ ಅನ್ವಯಿಸುವ ಒಂದೇ ಶಾಸ್ತ್ರವಿಲ್ಲ. ಮಾಟಗಾತಿ ಎಂದು ತಮ್ಮನ್ನು ಕರೆದುಕೊಳ್ಳುವವರೆಲ್ಲ ವಿಕ್ಕನ್ನರೂ ಅಲ್ಲ. ನಂಬಿ, ಪ್ರಾಮಾಣಿಕವಾಗಿ, ಸಣ್ಣ ಕಾಣಿಕೆಗೆ ಮಾಡುವವರೂ ಇರಬಹುದು. ನನ್ನ ತಕರಾರು ಇರುವುದು ಸೋಲನ್ನು ಎಂದೂ ಒಪ್ಪದ ವ್ಯಾಪಾರದ ಮೇಲೆ.

ಒಬ್ಬ ಯುವತಿ ತನ್ನ ಫೋನಿನಲ್ಲಿ ಒಂದು ವಿಡಿಯೊ ತೋರಿಸಿದಳು. ಅವಳಿಗಾಗಿಯೇ ಮಾಡಿದ ವಿಧಿ ಎಂದು ಕಳಿಸಿದ್ದು. ಕಪ್ಪು ಬಟ್ಟೆ, ಉರಿಯುವ ಕೆಂಪು ಮೇಣದಬತ್ತಿ, ಅದರಡಿ ಮಡಿಸಿದ ಚೀಟಿ. ನಲವತ್ತು ಸೆಕೆಂಡು, ಮಾತಿಲ್ಲ. ಅವಳು ಅದನ್ನು ದಿನಾ ರಾತ್ರಿ ನೋಡುತ್ತಿದ್ದಳಂತೆ. ನಾನು ವಿಡಿಯೊ ನಿಲ್ಲಿಸಿ ಬಟ್ಟೆಯ ಅಂಚನ್ನು ದೊಡ್ಡದು ಮಾಡಿ ತೋರಿಸಿದೆ. ಹಸಿರು, ಬಿಳಿ, ನೇರಳೆ, ಹಳದಿ ಮೇಣದ ಹಳೆಯ ಕಲೆಗಳು, ಒಂದರ ಮೇಲೊಂದು. ‘ಎಷ್ಟು ಅನುಭವ ಇರಬೇಕಲ್ಲ ಇವರಿಗೆ’ ಎಂದಳು. ಚೀಟಿ ಮಡಿಸಿಯೇ ಇತ್ತು. ಅದರಲ್ಲಿ ಯಾರ ಹೆಸರಿದೆ ಎಂಬುದು ಒಮ್ಮೆಯೂ ಕಾಣಿಸಿರಲಿಲ್ಲ. ಅದು ಅವಳಿಗೆ ಹೊಳೆಯುವವರೆಗೆ ನಾನು ಸುಮ್ಮನೆ ಕಾದೆ. ಹೊಳೆದಾಗ ಅವಳು ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದಳು.

ಅವಳ ಕತೆಯ ಉಳಿದ ಭಾಗ ನನಗೆ ಬಾಯಿಪಾಠ. ಮೊದಲ ಮೊತ್ತ ಚಿಕ್ಕದು. ಹುಡುಗ ಒಂದು ಮೆಸೇಜ್ ಕಳಿಸಿದರೆ ಸ್ಪೆಲ್ ಕೆಲಸ ಮಾಡುತ್ತಿದೆ. ಸಂಬಂಧ ಮುರಿದ ಮೊದಲ ವಾರಗಳಲ್ಲಿ ಬಹಳ ಜನ ಒಂದೆರಡು ಮೆಸೇಜ್ ಕಳಿಸುತ್ತಾರೆ, ಅದಕ್ಕೆ ಮಾಟ ಬೇಕಿಲ್ಲ. ಮೆಸೇಜ್ ಬರದಿದ್ದರೆ ಯಾರೋ ಅಡ್ಡ ಶಕ್ತಿ ಹಾಕಿದ್ದಾರೆ, ತೆಗೆಯಲು ಇನ್ನಷ್ಟು ಹಣ. ಅನುಮಾನಪಟ್ಟರೆ ‘ನಿನ್ನ ಅನುಮಾನವೇ ಫಲ ಕೆಡಿಸಿತು’. ನಿಲ್ಲಿಸುತ್ತೇನೆ ಎಂದರೆ ಅರ್ಧಕ್ಕೆ ಬಿಟ್ಟ ವಿಧಿ ಮನೆಯವರ ಮೇಲೆ ತಿರುಗುತ್ತದೆ ಎಂಬ ಬೆದರಿಕೆ. ಹಣ ಕೊಡುವ ಮುಂಚೆ ಒಂದೇ ಮಾತು ಕೇಳಿ: ಏನಾದರೆ ಇದು ಸೋತಿದೆ ಎಂದು ನೀವು ಒಪ್ಪುತ್ತೀರಿ, ಯಾವ ದಿನ? ಇದಕ್ಕೆ ನೇರ ಉತ್ತರ ಕೊಟ್ಟವರನ್ನು ನಾನು ಇನ್ನೂ ಕಂಡಿಲ್ಲ.

2012ರಲ್ಲಿ ಆನ್‌ಲೈನ್ ಮಾರುಕಟ್ಟೆಯಾದ ಇಬೇ ತನ್ನ ತಾಣದಲ್ಲಿ ಸ್ಪೆಲ್, ಶಾಪ, ಟ್ಯಾರೊ ಕಾರ್ಡಿನ ಭವಿಷ್ಯ ಮುಂತಾದವುಗಳ ಮಾರಾಟವನ್ನು ನಿಲ್ಲಿಸಿದಾಗ ಕೊಟ್ಟ ಕಾರಣವೂ ಇದರ ಹತ್ತಿರದ್ದೇ. ಇಂಥ ವಹಿವಾಟಿನಲ್ಲಿ ಕೊಂಡವರಿಗೂ ಮಾರಿದವರಿಗೂ ಹುಟ್ಟುವ ಜಗಳ ಬಗೆಹರಿಸುವುದು ಕಷ್ಟ ಎಂದಿತ್ತು. ಬ್ರಿಟನ್ನಿನ 1735ರ ಕಾಯ್ದೆಯಂತೂ ಮಾಟ ಇದೆ ಎಂಬುದನ್ನೇ ಒಪ್ಪದೆ, ಮಾಟ ಬರುತ್ತದೆ ಎಂದು ಸೋಗು ಹಾಕುವುದನ್ನು ಅಪರಾಧವಾಗಿಸಿತ್ತು. ಅದು 1951ರಲ್ಲಿ ರದ್ದಾದ ಮೇಲೆಯೇ ವಿಕ್ಕಾವನ್ನು ಬೆಳಕಿಗೆ ತಂದ ಜೆರಾಲ್ಡ್ ಗಾರ್ಡನರ್ ತಮ್ಮ ಪಂಥದ ಬಗ್ಗೆ ಬಹಿರಂಗವಾಗಿ ಬರೆಯಲು ಸಾಧ್ಯವಾಗಿದ್ದು.

ಕಲಿಯಲು ಹೊರಟವರ ಮಾತು ಬೇರೆ. ಅವರ ಮೇಲೆ ನನಗೆ ಅಕ್ಕರೆ. ಆದರೆ ಶನಿವಾರ, ಭಾನುವಾರ ಎರಡು ದಿನ ವಿಡಿಯೊ ನೋಡಿ ‘ಮೂರನೇ ಡಿಗ್ರಿ’ ಸರ್ಟಿಫಿಕೇಟ್ ಪಡೆದು ಬಂದ ಹುಡುಗನನ್ನೂ ನೋಡಿದ್ದೇನೆ. ಗಾರ್ಡನರ್ ಪರಂಪರೆಯಲ್ಲಿ ದೀಕ್ಷೆ ಮೂರು ಹಂತದ್ದು, ಕೋವೆನ್ ಎಂಬ ಸಣ್ಣ ಗುಂಪಿನೊಳಗೆ ಮುಖಾಮುಖಿ ನಡೆಯುವಂಥದ್ದು. ಒಂದು ವರ್ಷ ಒಂದು ದಿನ ಕಾಯಿಸುವ ರೂಢಿ ಹಲವು ಕಡೆ ಇದೆ. ದೀಕ್ಷೆಗೆ ದುಡ್ಡು ಪಡೆಯಬಾರದು ಎಂಬುದೂ ಆ ಪರಂಪರೆಯ ಕಟ್ಟು. ಗುಂಪು ಸಿಗದವರು ಒಂಟಿಯಾಗಿ ಸಾಧನೆ ಮಾಡುವ ದಾರಿಯೂ ಇದೆ, ಅದಕ್ಕೆ ಯಾರ ಸರ್ಟಿಫಿಕೇಟೂ ಬೇಕಿಲ್ಲ. ಆ ಹುಡುಗನಿಗೆ ಇಷ್ಟು ಹೇಳಿದೆ. ಆರು ತಿಂಗಳ ನಂತರ ಒಂದು ನೋಟ್‌ಬುಕ್ ತಂದು ತೋರಿಸಿದ. ಒಂದೊಂದು ಹುಣ್ಣಿಮೆಗೂ ಒಂದೊಂದು ಪುಟ. ಆಕಾಶ ಹೇಗಿತ್ತು, ಮನಸ್ಸು ಹೇಗಿತ್ತು, ಎಲ್ಲ ಅವನದೇ ಕೈಬರಹ. ಒಂದು ಪುಟದಲ್ಲಿ ‘ಮೋಡ, ಏನೂ ಕಾಣಲಿಲ್ಲ’ ಎಂದಷ್ಟೇ ಇತ್ತು. ಆ ಪುಟವೇ ನನಗೆ ತುಂಬ ಇಷ್ಟವಾಯಿತು.

ಈಗಾಗಲೇ ಸಿಕ್ಕಿಬಿದ್ದವರಿಗೆ: ಚಾಟ್ ಅಳಿಸಬೇಡಿ. ನಾಚಿಕೆಯಿಂದ ಎಲ್ಲರೂ ಮೊದಲು ಅದನ್ನೇ ಅಳಿಸುತ್ತಾರೆ. ಕಾರ್ಡಿನಲ್ಲಿ, ಖಾತೆಯಿಂದ ಕೊಟ್ಟಿದ್ದರೆ ಇವತ್ತೇ ಬ್ಯಾಂಕಿಗೆ ತಿಳಿಸಿ, ಪೊಲೀಸರಿಗೆ ದೂರು ಕೊಡಿ. ಗಿಫ್ಟ್ ಕಾರ್ಡ್, ಕ್ರಿಪ್ಟೊ ರೂಪದಲ್ಲಿ ಹೋದದ್ದು ಮರಳುವುದು ಕಷ್ಟ. ಹಣ ಸಿಕ್ಕೇ ಸಿಗುತ್ತದೆ ಎಂದು ನಾನು ಭರವಸೆ ಕೊಡಲಾರೆ. ‘ಕಳೆದ ಹಣ ವಾಪಸ್ ಕೊಡಿಸುತ್ತೇವೆ, ಮೊದಲು ಶುಲ್ಕ ಕಟ್ಟಿ’ ಎಂದು ಬರುವವರಿಗಂತೂ ಉತ್ತರವನ್ನೇ ಕೊಡಬೇಡಿ.

ವಿಡಿಯೊ ತೋರಿಸಿದ್ದ ಯುವತಿಗೂ ಅಂಥದ್ದೊಂದು ಮೆಸೇಜ್ ಬಂದಿತ್ತು. ಉತ್ತರ ಬರೆಯುವ ಮೊದಲು ನನಗೆ ಫೋನ್ ಮಾಡಿದಳು. ಮರುದಿನ ಇಬ್ಬರೂ ಕೂತು ಒಂದು ಹಾಳೆಯ ಮೇಲೆ ಪಾವತಿಗಳನ್ನೆಲ್ಲ ತಾರೀಕಿನ ಪ್ರಕಾರ ಬರೆದೆವು. ಮೂರೋ ನಾಲ್ಕೋ ಇರಬಹುದು ಎಂದುಕೊಂಡಿದ್ದಳು. ಒಂಬತ್ತು ಇದ್ದವು. ಒಂಬತ್ತನೆಯದನ್ನು ಬರೆದು ಪೆನ್ನಿಟ್ಟು, ‘ದೂರು ಕೊಡುವಾಗ ನೀವೂ ಬರ್ತೀರಾ ಮೇಡಂ?’ ಎಂದು ಕೇಳಿದಳು. ಹೋದೆವು.