ಮನೆನೊಣ ಕಚ್ಚುವುದಿಲ್ಲ, ಸ್ವಾಮಿ

ಕೊಡಗಿನಲ್ಲಿ ಮಳೆ ಬಿಟ್ಟು ನಾಲ್ಕು ದಿನ ಬಿಸಿಲು ಬಿದ್ದರೆ ಸಾಕು, ನನ್ನ ಫೋನು ಶುರು. "ಡಾಕ್ಟ್ರೇ, ಮನೇಲಿರೋ ನೊಣಗಳೇ ಕಚ್ತಾ ಇವೆ!" ನಾನು ದನದ ಡಾಕ್ಟರು. ಆದರೂ ಈ ದೂರು ಬರಬೇಕಾದ್ದು ನನ್ನ ಹತ್ತಿರವೇ.

ಮನೆನೊಣಕ್ಕಿರುವುದು ಸ್ಪಂಜಿನಂಥ ಬಾಯಿ. ಜೊಲ್ಲು ಬಿಟ್ಟು, ಕರಗಿದ್ದನ್ನು ಹೀರುತ್ತದೆ, ಚರ್ಮ ಚುಚ್ಚಲಾರದು. ಚುಚ್ಚುವುದು ಅದರ ದಾಯಾದಿ, ಕೊಟ್ಟಿಗೆ ನೊಣ. ನೋಡಲು ಹೆಚ್ಚುಕಮ್ಮಿ ಒಂದೇ ಥರ.

ನಾಪೋಕ್ಲು ಕಡೆಯ ಒಬ್ಬ ಅಜ್ಜಿಗೆ ಸಕ್ಕರೆ ಕಾಯಿಲೆ. ರಕ್ತ ಸಿಹಿಯಾಗಿದೆ, ಅದಕ್ಕೇ ನೊಣ ಮುತ್ತುತ್ತದೆ ಎಂದು ಜಗಲಿಯಲ್ಲಿ ಕಾಲಿಗೆ ಸೆರಗು ಸುತ್ತಿಕೊಂಡು ಕೂತಿದ್ದರು. ಗೋಡೆಯ ಮೇಲಿದ್ದ ಒಂದನ್ನು ಗಾಜಿನ ಲೋಟದಲ್ಲಿ ಮುಚ್ಚಿ ತೋರಿಸಿದೆ: ತಲೆಯಡಿಯಿಂದ ಮುಂದಕ್ಕೆ ಚಾಚಿದ ಕಪ್ಪು ಸೂಜಿ. ಸಿಹಿ ಬೇಕಾದರೆ ಅದು ಹೂವಿಗೆ ಹೋಗುತ್ತದೆ ಅಜ್ಜಿ, ರಕ್ತ ಬೇಕಾಗುವುದು ಮೊಟ್ಟೆ ಬಲಿಯಲು ಎಂದೆ. ಸೊಳ್ಳೆಯಲ್ಲಿ ಹೆಣ್ಣು ಮಾತ್ರ ಕಚ್ಚುತ್ತದೆ. ಈ ಜಾತಿಯಲ್ಲಿ ಗಂಡೂ ಬಿಡುವುದಿಲ್ಲ. ದನದ ಮುಂಗಾಲು ಅದಕ್ಕೆ ಇಷ್ಟ. ದನ ಸಿಗದಿದ್ದರೆ ನಮ್ಮ ಕಣಕಾಲು.

ಇನ್ನು ನನ್ನ ತಲೆ ಕೆಡಿಸುವ ವಿಷಯ. ಎಲ್ಲರೂ ಅಡುಗೆಮನೆಗೆ ಫಿನಾಯಿಲ್ ಸುರಿಯುತ್ತಾರೆ. ಈ ನೊಣ ಹುಟ್ಟುವುದು ಅಲ್ಲಲ್ಲ! ಸಗಣಿ, ಗಂಜಲದಲ್ಲಿ ನೆನೆದು ಕೊಳೆತ ಹುಲ್ಲಿನಲ್ಲಿ. ಗೊಂತಿನ ಕೆಳಗೆ, ಕೊಟ್ಟಿಗೆಯ ಹಿಂದಿನ ರಾಶಿಯಲ್ಲಿ. ಕೊಳೆಯುವ ಕಾಫಿ ಸಿಪ್ಪೆಯ ಗುಡ್ಡೆಯನ್ನೂ ನಾನು ನಂಬುವುದಿಲ್ಲ. ಬೆಚ್ಚಗಿದ್ದರೆ ಮೊಟ್ಟೆಯಿಂದ ನೊಣವಾಗಲು ಸುಮಾರು ಮೂರು ವಾರ. ಆದ್ದರಿಂದ ವಾರಕ್ಕೊಮ್ಮೆ ಆ ಒದ್ದೆ ಹುಲ್ಲನ್ನು ಎಳೆದು ಬಿಸಿಲಿಗೆ ತೆಳ್ಳಗೆ ಹರಡಿ. ಒಣಗಿದ್ದರಲ್ಲಿ ಹುಳ ಬದುಕುವುದಿಲ್ಲ. ದನದ ಮೈಗೆ ಔಷಧಿ ಹೊಡೆದರೆ ಸಾಲದು. ಅದು ಕೆಲವೇ ನಿಮಿಷ ರಕ್ತ ಕುಡಿದು, ಉಳಿದ ಹೊತ್ತೆಲ್ಲ ಗೋಡೆ, ಬೇಲಿಯ ಮೇಲೆ ಕೂತಿರುತ್ತದೆ.

ಹಸು ಹಾಲು ಕರೆಯುವಾಗ ಕಾಲು ಝಾಡಿಸಿದರೆ 'ಸೊಕ್ಕು' ಎಂದು ಹೊಡೆಯುವ ಮೊದಲು ಅದರ ಕಾಲು ನೋಡಿ. ಚರ್ಮಗಂಟು ರೋಗ ಹರಡುವುದರಲ್ಲೂ ಇಂಥ ನೊಣಗಳ ಕೈವಾಡವಿದೆ. ಮನುಷ್ಯರಿಗೆ ಕಚ್ಚಿದ ಜಾಗ ತೀರಾ ಊದಿದರೆ, ಕೀವಾದರೆ ಮನುಷ್ಯರ ಡಾಕ್ಟರಿಗೇ ತೋರಿಸಿ, ನನಗಲ್ಲ.

ಹೊರಡುವಾಗ ಲೋಟ ಎತ್ತಲು ಅಜ್ಜಿ ಬಿಡಲಿಲ್ಲ. ಅಡುಗೆಮನೆ ಗಲೀಜು ಎಂದು ಎರಡು ವಾರದಿಂದ ಸೊಸೆಯನ್ನು ಬೈದಿದ್ದರಂತೆ. ಕೊಟ್ಟಿಗೆ ಮಗನ ಉಸ್ತುವಾರಿ. "ಇರಲಿ ಬಿಡಿ ಡಾಕ್ಟ್ರೇ, ಅವನು ತೋಟದಿಂದ ಬರಲಿ."